ಆಕ್ಸೆಸ್ 2003: ಗುಂಪಿನಿಂದ ಡಿಲೀಟ್ ಅನುಮತಿ ತೆಗೆದರೂ ರೈಟರ್‌ಗೆ ತೂಕದ ಎಂಟ್ರಿ ಅಳಿಸಲು ಆಗ್ತಿದೆ, ಯಾಕೆ?

ತೋಟದಲೆಕ್ಕ, ಸುಂಟಿಕೊಪ್ಪ

ನಮಸ್ಕಾರ. ಸುಂಟಿಕೊಪ್ಪದ ಹತ್ತಿರ ಒಂದು ಕಾಫಿ ತೋಟದ ಆಫೀಸಿನಲ್ಲಿ ಲೆಕ್ಕ ನೋಡಿಕೊಳ್ಳುತ್ತೇನೆ. ನಾನು ಕಂಪ್ಯೂಟರ್ ಓದಿದವಳಲ್ಲ, ಬಿ.ಕಾಂ. ಮಾಡಿದವಳು. ಆದರೂ ಇಲ್ಲಿ ಏನು ಕೆಟ್ಟರೂ ನನ್ನನ್ನೇ ಕರೆಯುತ್ತಾರೆ. ಪ್ರಿಂಟರಿನಲ್ಲಿ ಪೇಪರ್ ಸಿಕ್ಕಿಕೊಂಡರೂ ನಾನೇ.

ನಮ್ಮಲ್ಲಿರುವುದು ಮೈಕ್ರೋಸಾಫ್ಟ್‌ನ ಡೇಟಾಬೇಸ್ ಪ್ರೋಗ್ರಾಮ್ ಆಕ್ಸೆಸ್, ಅದೂ ಹಳೇ 2003. ಡೇಟಾಬೇಸ್ ಮಾಡಿಕೊಟ್ಟವರು ಈಗ ಈ ಕೆಲಸವನ್ನೇ ಬಿಟ್ಟಿದ್ದಾರೆ. ದಿನದ ಕೊಯ್ಲಿನ ತೂಕ, ಆಳುಗಳ ಹಾಜರಿ, ವಾರದ ಬಟವಾಡೆ, ಕಣದಿಂದ ಗೋಡೌನಿಗೆ ಹೋದ ಮೂಟೆ, ಮಾರಿದ ಚೆರಿಯ (ಸಿಪ್ಪೆ ಸಮೇತ ಒಣಗಿಸಿದ ಕಾಫಿ ಹಣ್ಣು) ಔಟ್‌ಟರ್ನ್ (ಅದರಿಂದ ಸಿಗುವ ಬೀಜದ ಪ್ರಮಾಣ) ಮತ್ತು ದರ, ಎಲ್ಲ ಅದರಲ್ಲೇ ಇದೆ. ಟೇಬಲ್‌ಗಳಿರುವ .ಎಂಡಿಬಿ ಫೈಲು ನನ್ನ ಕಂಪ್ಯೂಟರಿನಲ್ಲಿ, ಶೇರ್ ಮಾಡಿದ ಫೋಲ್ಡರಿನಲ್ಲಿದೆ. ಫಾರ್ಮ್‌ಗಳ ಫೈಲು ಮೂರು ಕಂಪ್ಯೂಟರಿನಲ್ಲೂ ಒಂದೊಂದು ಇದೆ.

ಬಳಸುವವರು ಇಬ್ಬರು ರೈಟರ್ (ತೋಟದ ಗುಮಾಸ್ತರು), ಮ್ಯಾನೇಜರ್, ನಾನು, ಮತ್ತೆ ಅಪರೂಪಕ್ಕೆ ಸಾಹುಕಾರರು. ರೈಟರ್‌ಗಳು ತೂಕ ಹಾಕಬೇಕು, ಅವತ್ತಿನದನ್ನು ತಿದ್ದಬಹುದು, ಅಳಿಸಬಾರದು. ಚೆರಿ ಯಾವ ದರಕ್ಕೆ ಹೋಯಿತು ಅನ್ನುವುದು ಅವರಿಗೆ ಕಾಣಬಾರದು. ಮ್ಯಾನೇಜರ್ ಎಲ್ಲ ನೋಡಬಹುದು, ಕೂಲಿ ದರ ಬದಲಿಸಬಹುದು. ಸಾಹುಕಾರರಿಗೆ ನೋಡಲು ಮಾತ್ರ. ಅದನ್ನು ಅವರೇ ಹೇಳಿದ್ದು: "ನನ್ನ ಕೈಗೆ ಎಡಿಟ್ ಕೊಡಬೇಡಿ, ಏನಾದ್ರೂ ಒತ್ತಿಬಿಡ್ತೇನೆ."

ಈಗ ಯಾಕೆ ಇದೆಲ್ಲ ಅಂದರೆ, ಕೊಯ್ಲು ಜೋರಾಗಿದ್ದಾಗ ಒಬ್ಬ ಮೇಸ್ತ್ರಿಯ ಗುಂಪಿನ ಇಡೀ ದಿನದ ತೂಕ ಮಾಯವಾಯಿತು. ಯಾರೂ ಬೇಕಂತ ಮಾಡಿದ್ದಲ್ಲ. ಸಾಲುಗಳು ಸೆಲೆಕ್ಟ್ ಆಗಿದ್ದವು, ಡಿಲೀಟ್ ಕೀ ಒತ್ತಿತು, ಕೇಳಿದ ಪ್ರಶ್ನೆಗೆ ಓದದೇ "ಯೆಸ್" ಕೊಟ್ಟರು, ಅಷ್ಟೆ. ಆದರೆ ನಮ್ಮಲ್ಲಿ ಕೊಯ್ಲಿಗೆ ಕಿಲೋ ಲೆಕ್ಕದಲ್ಲಿ ಕೂಲಿ. ತೂಕ ಹೋದರೆ ಕೂಲಿಯೇ ಹೋದ ಹಾಗೆ. ಬಟವಾಡೆಯ ಹಿಂದಿನ ಸಂಜೆ ತೂಕದ ಪುಸ್ತಕ ತೆಗೆದು ಎಲ್ಲ ಮತ್ತೆ ಹೊಡೆದೆವು. ಪುಸ್ತಕ ಇಟ್ಟಿದ್ದಕ್ಕೆ ಬಚಾವ್.

ಆಮೇಲೆ ಟೂಲ್ಸ್ ಮೆನುವಿನ ಸೆಕ್ಯುರಿಟಿಗೆ ಹೋಗಿ ರೈಟರ್ಸ್, ಮ್ಯಾನೇಜರ್ಸ್, ನೋಟ ಅಂತ ಮೂರು ಗುಂಪು ಮಾಡಿದೆ. ಒಬ್ಬೊಬ್ಬರಿಗೂ ಹೆಸರು, ಪಾಸ್‌ವರ್ಡ್ ಕೊಟ್ಟೆ. ಅಡ್ಮಿನ್‌ಗೂ ಪಾಸ್‌ವರ್ಡ್ ಇಟ್ಟೆ. ತೂಕದ ಟೇಬಲ್‌ನಲ್ಲಿ ರೈಟರ್ಸ್ ಗುಂಪಿಗೆ "ಡಿಲೀಟ್ ಡೇಟಾ" ಟಿಕ್ ತೆಗೆದೆ. ರೈಟರ್ ಹೆಸರಿನಲ್ಲಿ ಲಾಗಿನ್ ಆಗಿ ನೋಡಿದರೆ ಸಲೀಸಾಗಿ ಡಿಲೀಟ್ ಆಗುತ್ತಿದೆ! ಇನ್ನೊಂದು ವಿಚಿತ್ರ. ಕಣದ ಹತ್ತಿರದ ಕಂಪ್ಯೂಟರಿನಲ್ಲಿ ಪಾಸ್‌ವರ್ಡ್ ಕೇಳುವುದೇ ಇಲ್ಲ, ಸೀದಾ ಒಳಗೆ ಬಿಡುತ್ತದೆ.

ಅಂಗಡಿಯವರೊಬ್ಬರು "ಹೊಸ ಆಕ್ಸೆಸ್ ಹಾಕಿಸಿ, ಎಲ್ಲ ಸರಿಹೋಗುತ್ತದೆ" ಅಂದರು. ಹಾಕಿಸಬೇಕಾ?

ಜೆಟ್‌ಹಳಬ, ಕುಶಾಲನಗರ

ಮೇಡಂ, ಹೊಸದು ಹಾಕಿಸುವ ಮುಂಚೆ ಇದನ್ನು ಓದಿ. 2007ರಲ್ಲಿ ಬಂದ .ಎಸಿಸಿಡಿಬಿ ಫೈಲಿನಲ್ಲಿ ಈ ಯೂಸರ್, ಗುಂಪು, ಅನುಮತಿ ಯಾವುದೂ ಇಲ್ಲ. ಮೈಕ್ರೋಸಾಫ್ಟ್ ಅದನ್ನು ಪೂರ್ತಿ ಕೈಬಿಟ್ಟಿತು. ನಿಮ್ಮ ಫೈಲನ್ನು ಆ ರೂಪಕ್ಕೆ ಬದಲಿಸಿದರೆ ನೀವು ಮಾಡಿದ್ದೆಲ್ಲ ಉದುರಿಹೋಗಿ, ಎಲ್ಲರಿಗೂ ಎಲ್ಲವೂ ಕಾಣುತ್ತದೆ. .ಎಂಡಿಬಿ ಆಗಿಯೇ ಉಳಿಸಿಕೊಂಡರೆ 2007, 2010ರಲ್ಲೂ ಹಳೇ ವ್ಯವಸ್ಥೆ ನಡೆಯುತ್ತದೆ. ಅಂಗಡಿಯವರ ಮಾತು ಅಲ್ಲಿಗೇ ಬಿಡಿ.

ಈಗ ಡಿಲೀಟ್ ವಿಷಯ. ಆಕ್ಸೆಸ್‌ನ ಒಳಗಿರುವ ಜೆಟ್ ಎಂಜಿನ್ ಅನುಮತಿಗಳನ್ನು ಕೂಡುತ್ತದೆ, ಕಳೆಯುವುದು ಅದಕ್ಕೆ ಗೊತ್ತಿಲ್ಲ. ಒಬ್ಬ ಯೂಸರ್‌ಗೆ ಸ್ವಂತಕ್ಕೆ ಸಿಕ್ಕಿದ್ದು, ಅವನು ಇರುವ ಗುಂಪುಗಳಿಗೆಲ್ಲ ಸಿಕ್ಕಿದ್ದು, ಎಲ್ಲ ಸೇರಿದ್ದೇ ಅವನ ಅಧಿಕಾರ. ಟಿಕ್ ಇಲ್ಲ ಅಂದರೆ "ಮಾಡಬಾರದು" ಅಂತಲ್ಲ. "ಈ ಗುಂಪಿನಿಂದ ಸಿಗುವುದಿಲ್ಲ" ಅಂತ ಮಾತ್ರ. ಬೇರೆ ಗುಂಪಿನಿಂದ ಸಿಕ್ಕರೆ ಸಿಕ್ಕಿತು.

ಆ ಬೇರೆ ಗುಂಪು ಯಾವುದು? "ಯೂಸರ್ಸ್" ಅಂತ ಮೊದಲಿನಿಂದಲೇ ಇರುವ ಗುಂಪು. ಪ್ರತಿಯೊಬ್ಬರೂ ಅದರಲ್ಲಿ ಇರಲೇಬೇಕು, ಯಾರನ್ನೂ ತೆಗೆಯಲು ಬಿಡುವುದಿಲ್ಲ. ಮತ್ತೆ ಏನೂ ಮುಟ್ಟದೇ ಇದ್ದರೆ ಎಲ್ಲ ಟೇಬಲ್ ಮೇಲೂ ಯೂಸರ್ಸ್‌ಗೆ ಪೂರ್ತಿ ಅಧಿಕಾರ ಇರುತ್ತದೆ. ನೀವು ಗೇಟಿಗೆ ಗಟ್ಟಿ ಬೀಗ ಹಾಕಿದ್ದೀರಿ, ಹಿಂದಿನ ಬೇಲಿ ಇನ್ನೂ ಬಿಚ್ಚಿಕೊಂಡೇ ಇದೆ.

ಕಣದ ಕಂಪ್ಯೂಟರಿನ ಕಥೆಯೂ ಇದರದ್ದೇ ಭಾಗ. ಯೂಸರ್ ಹೆಸರು, ಪಾಸ್‌ವರ್ಡ್, ಯಾರು ಯಾವ ಗುಂಪು ಅನ್ನುವುದು ನಿಮ್ಮ ಡೇಟಾಬೇಸ್ ಒಳಗೆ ಇರುವುದಿಲ್ಲ. .ಎಂಡಿಡಬ್ಲ್ಯೂ ಅನ್ನುವ ಬೇರೆ ಫೈಲಿನಲ್ಲಿ ಇರುತ್ತದೆ, ಅದಕ್ಕೆ ವರ್ಕ್‌ಗ್ರೂಪ್ ಫೈಲ್ ಅಂತಾರೆ. ಯಾವ ಗುಂಪಿಗೆ ಏನು ಅನುಮತಿ ಅನ್ನುವುದು ಮಾತ್ರ ಡೇಟಾಬೇಸ್‌ನಲ್ಲಿ. ಕಣದ ಕಂಪ್ಯೂಟರು ತನ್ನದೇ ಸಿಸ್ಟಮ್.ಎಂಡಿಡಬ್ಲ್ಯೂ ಓದುತ್ತಿದೆ. ಅದರಲ್ಲಿ ಅಡ್ಮಿನ್‌ಗೆ ಪಾಸ್‌ವರ್ಡ್ ಇಲ್ಲ. ಹಾಗಾಗಿ ಆಕ್ಸೆಸ್ ಏನೂ ಕೇಳದೇ ಅಡ್ಮಿನ್ ಹೆಸರಿನಲ್ಲಿ ಒಳಗೆ ಬಿಡುತ್ತದೆ. ಅಡ್ಮಿನ್ ಅನ್ನುವ ಯೂಸರ್, ಯೂಸರ್ಸ್ ಅನ್ನುವ ಗುಂಪು, ಇವೆರಡೂ ಪ್ರಪಂಚದ ಎಲ್ಲ ವರ್ಕ್‌ಗ್ರೂಪ್ ಫೈಲಿನಲ್ಲೂ ಒಂದೇ. ಯೂಸರ್ಸ್‌ಗೆ ಕೊಟ್ಟಿದ್ದು ಅಂದರೆ ಊರಿಗೆಲ್ಲ ಕೊಟ್ಟಿದ್ದು ಅಂತಲೇ ತಿಳಿಯಿರಿ. "ಅಡ್ಮಿನ್ಸ್" ಅನ್ನುವ ಮೇಲ್ವಿಚಾರಕರ ಗುಂಪು ಮಾತ್ರ ಒಂದೊಂದು ಫೈಲಿಗೂ ಬೇರೆ.

ಸರಿಮಾಡಲು ಮೊದಲು ಎರಡೂ .ಎಂಡಿಬಿ ಫೈಲು ಪೆನ್‌ಡ್ರೈವ್‌ಗೆ ಕಾಪಿ ಮಾಡಿಟ್ಟುಕೊಳ್ಳಿ. ಆಮೇಲೆ ಸೆಕ್ಯುರಿಟಿಯಲ್ಲೇ ಇರುವ ವರ್ಕ್‌ಗ್ರೂಪ್ ಅಡ್ಮಿನಿಸ್ಟ್ರೇಟರ್‌ನಿಂದ ಹೊಸ ವರ್ಕ್‌ಗ್ರೂಪ್ ಫೈಲ್ ಮಾಡಿ. ಹೆಸರು, ಸಂಸ್ಥೆ, ವರ್ಕ್‌ಗ್ರೂಪ್ ಐಡಿ ಕೇಳುತ್ತದೆ. ಕೊಟ್ಟಿದ್ದನ್ನು ದೊಡ್ಡಕ್ಷರ ಸಣ್ಣಕ್ಷರ ಸಮೇತ ಪೇಪರಿನಲ್ಲಿ ಬರೆದು ಆಫೀಸಿನ ಬೀರುವಿನಲ್ಲಿಡಿ. ಫೈಲ್ ಕೆಟ್ಟರೆ ಅದೇ ಮೂರು ಕೊಟ್ಟು ಮತ್ತೆ ಮಾಡಬಹುದು. ಯೂಸರ್‌ಗಳ, ಗುಂಪುಗಳ ಪಿಐಡಿಯನ್ನೂ (ಹೆಸರಿನ ಜೊತೆ ಕೊಡುವ ಗುರುತಿನ ಸಂಕೇತ) ಅಲ್ಲೇ ಬರೆದಿಡಿ. ಇದು ಕಳೆದರೆ ನಿಮ್ಮ ಡೇಟಾಬೇಸಿಗೆ ನೀವೇ ಹೊರಗಿನವರು.

ಹೊಸ ಫೈಲಿಗೆ ಸೇರಿ, ಅಡ್ಮಿನ್‌ಗೆ ಪಾಸ್‌ವರ್ಡ್ ಇಡಿ. ನಿಮಗೊಂದು ಹೊಸ ಯೂಸರ್ ಮಾಡಿ ಅಡ್ಮಿನ್ಸ್‌ಗೆ ಸೇರಿಸಿ. ಆಕ್ಸೆಸ್ ಮುಚ್ಚಿ ಆ ಹೆಸರಿನಲ್ಲಿ ಒಳಗೆ ಬಂದು, ಅಡ್ಮಿನ್‌ನನ್ನು ಅಡ್ಮಿನ್ಸ್ ಗುಂಪಿನಿಂದ ಹೊರಗೆ ಹಾಕಿ.

ಇದಾದ ಮೇಲೆ ಜನ ಬಿಟ್ಟುಬಿಡುವ ಕೆಲಸ ಒಂದಿದೆ: ಓನರ್ ಯಾರು ಅಂತ ನೋಡುವುದು. ಡೇಟಾಬೇಸ್ ಮಾಡಿದಾಗ ಅಡ್ಮಿನ್ ಆಗಿ ಮಾಡಿದ್ದರೆ ಅಡ್ಮಿನ್‌ನೇ ಓನರ್. ಓನರ್‌ನಿಂದ ಅನುಮತಿ ಕಿತ್ತುಕೊಂಡರೂ ಅವನು ತನಗೆ ತಾನೇ ವಾಪಸ್ ಕೊಟ್ಟುಕೊಳ್ಳಬಹುದು. ಡೇಟಾಬೇಸ್‌ನ ಓನರನ್ನು ಮೆನುವಿನಿಂದ ಬದಲಿಸಲು ಆಗುವುದಿಲ್ಲ. ನಿಮ್ಮ ಹೊಸ ಹೆಸರಿನಲ್ಲಿ ಖಾಲಿ ಡೇಟಾಬೇಸ್ ತೆರೆದು ಟೇಬಲ್, ಕ್ವೆರಿ (ಟೇಬಲ್‌ನಿಂದ ಬೇಕಾದಷ್ಟನ್ನೇ ಆರಿಸಿ ತೋರಿಸುವುದು), ಫಾರ್ಮ್, ರಿಪೋರ್ಟ್ ಎಲ್ಲ ಇಂಪೋರ್ಟ್ ಮಾಡಬೇಕು. ಹೀಗೆ ಮಾಡಿದಾಗ ಅವೆಲ್ಲದರ ಓನರ್ ನೀವೇ ಆಗುತ್ತೀರಿ. ಎರಡೂ ಫೈಲಿಗೆ ಮಾಡಿ, ಲಿಂಕ್ ಮತ್ತೆ ಕೊಡಿ.

ಈಗ ಯೂಸರ್ಸ್ ಗುಂಪು ಮತ್ತು ಅಡ್ಮಿನ್ ಯೂಸರ್ ಇಬ್ಬರಿಂದಲೂ ಎಲ್ಲ ಟಿಕ್ ತೆಗೆಯಿರಿ. ಟೇಬಲ್ ಅಷ್ಟೇ ಅಲ್ಲ, ಪಟ್ಟಿಯಲ್ಲಿ "ಡೇಟಾಬೇಸ್" ಅಂತ ಇರುತ್ತದೆ, ಅದರ "ಓಪನ್/ರನ್" ಕೂಡ. "ನ್ಯೂ ಟೇಬಲ್ಸ್" ಅನ್ನುವ ಸಾಲು ಮರೆಯಬೇಡಿ. ಅದನ್ನು ಬಿಟ್ಟರೆ ಮುಂದೆ ಮಾಡುವ ಟೇಬಲ್ ಮತ್ತೆ ಎಲ್ಲರದ್ದಾಗುತ್ತದೆ. ಆಮೇಲೆ ನಿಮ್ಮ ಮೂರು ಗುಂಪು, ಯೂಸರ್‌ಗಳನ್ನು ಹೊಸ ವರ್ಕ್‌ಗ್ರೂಪ್ ಫೈಲಿನಲ್ಲಿ ಮತ್ತೆ ಮಾಡಿ, ಗುಂಪುಗಳಿಗೆ ಬೇಕಾದಷ್ಟು ಕೊಡಿ. ಒಂದೊಂದು ಟೇಬಲ್‌ಗೆ ಎರಡು ಕಡೆ ಕೊಡಬೇಕು: ಟೇಬಲ್ ಇರುವ ಫೈಲಿನಲ್ಲಿ ಮತ್ತು ಫಾರ್ಮ್ ಫೈಲಿನ ಲಿಂಕ್ ಮೇಲೆ.

ಕಣದ ಕಂಪ್ಯೂಟರಿನಲ್ಲಿ ಡೆಸ್ಕ್‌ಟಾಪ್ ಶಾರ್ಟ್‌ಕಟ್ ಬದಲಿಸಿ. ಆಕ್ಸೆಸ್ ಪ್ರೋಗ್ರಾಮ್, ಆಮೇಲೆ ಡೇಟಾಬೇಸ್‌ನ ದಾರಿ, ಆಮೇಲೆ ಡಬ್ಲ್ಯೂಆರ್‌ಕೆಜಿಆರ್‌ಪಿ ಅನ್ನುವ ಸ್ವಿಚ್, ಅದರ ಮುಂದೆ ನಿಮ್ಮ ವರ್ಕ್‌ಗ್ರೂಪ್ ಫೈಲಿನ ದಾರಿ. ಹೀಗೆ ಮಾಡಿದರೆ ಆ ಕಂಪ್ಯೂಟರಿನ ಬೇರೆ ಡೇಟಾಬೇಸ್‌ಗಳಿಗೆ ಪಾಸ್‌ವರ್ಡ್ ಕಾಟ ಇರುವುದಿಲ್ಲ.

ತೋಟದಲೆಕ್ಕ, ಸುಂಟಿಕೊಪ್ಪ

ಸರ್, ತುಂಬಾ ಉಪಕಾರ ಆಯ್ತು. ಭಾನುವಾರ ಆಫೀಸಿನಲ್ಲಿ ಯಾರೂ ಇಲ್ಲದಾಗ ಕೂತು ಮಾಡಿದೆ. ಮಧ್ಯೆ ಕರೆಂಟ್ ಹೋಗಿ ಯುಪಿಎಸ್ ಕಿರುಚಲು ಶುರು ಮಾಡಿತು, ಆ ಇಂಪೋರ್ಟ್ ಮತ್ತೆ ಮೊದಲಿಂದ ಮಾಡಬೇಕಾಯಿತು. ಈಗ ರೈಟರ್‌ಗೆ ಡಿಲೀಟ್ ಆಗುತ್ತಿಲ್ಲ. ಹಳೇ ಶಾರ್ಟ್‌ಕಟ್‌ನಲ್ಲಿ ತೆರೆಯಲು ಹೋದರೆ "ನಿಮಗೆ ಅನುಮತಿ ಇಲ್ಲ" ಅಂತ ಬರುತ್ತದೆ. ನೋಡಿ ಖುಷಿಯಾಯಿತು.

ಆದರೆ ಎರಡು ತೊಂದರೆ. ಮೂಟೆಗಳ ಫಾರ್ಮ್‌ಗೆ ಮಾರಾಟದ ಟೇಬಲ್‌ನಿಂದ ಯಾವ ಲಾಟ್ ಹೋಗಿದೆ ಅನ್ನುವುದು ಬೇಕು. ಅದೇ ಟೇಬಲ್‌ನಲ್ಲಿ ಔಟ್‌ಟರ್ನ್, ದರವೂ ಇದೆ. ರೈಟರ್‌ಗೆ ಆ ಟೇಬಲ್ ಓದಲು ಕೊಟ್ಟರೆ ದರ ಕಾಣುತ್ತದೆ, ಕೊಡದಿದ್ದರೆ ಫಾರ್ಮ್ ತೆರೆಯುವುದಿಲ್ಲ. ಒಂದು ಕಾಲಂ ಮಾತ್ರ ಮುಚ್ಚಲು ಟಿಕ್ ಎಲ್ಲೂ ಸಿಗಲಿಲ್ಲ.

ಇನ್ನೊಂದು, ಸಾಹುಕಾರರಿಗೆ ನೋಡಲು ಮಾತ್ರ ಅಲ್ವಾ, ಹಾಗಾಗಿ ಶೇರ್ ಫೋಲ್ಡರನ್ನೂ ಅವರ ವಿಂಡೋಸ್ ಲಾಗಿನ್‌ಗೆ ರೀಡ್ ಓನ್ಲಿ ಮಾಡಿದೆ. ನಾವು ಯಾರಾದರೂ ಕೆಲಸ ಮಾಡುತ್ತಿರುವಾಗ ಅವರು ತೆರೆದರೆ "ಬೇರೆಯವರು ತೆರೆದಿದ್ದಾರೆ, ಅಥವಾ ನೋಡಲು ಅನುಮತಿ ಬೇಕು" ಅಂತ ಬರುತ್ತದೆ. ನಿನ್ನೆ ಬಂದವರು "ನನ್ನ ತೋಟದ ಲೆಕ್ಕ ನೋಡಲು ನಾನು ಯಾರ ಹತ್ರ ಕೇಳಬೇಕಮ್ಮಾ" ಅಂದರು. ನಗುತ್ತಲೇ ಅಂದರು, ಆದರೂ.

ಪೇಟೆಸಿಸ್ಟಮ್, ವಿರಾಜಪೇಟೆ

ಅಕ್ಕ, ಎರಡನೆಯದು ಸುಲಭ. ಫೋಲ್ಡರಿನ ರೀಡ್ ಓನ್ಲಿ ತೆಗೆದುಬಿಡಿ. .ಎಂಡಿಬಿ ತೆರೆದ ತಕ್ಷಣ ಆಕ್ಸೆಸ್ ಪಕ್ಕದಲ್ಲೇ ಅದೇ ಹೆಸರಿನ .ಎಲ್‌ಡಿಬಿ ಫೈಲ್ ಒಂದು ಮಾಡುತ್ತದೆ. ಯಾರು ಯಾರು ಒಳಗಿದ್ದಾರೆ, ಯಾವ ದಾಖಲೆ ಹಿಡಿದುಕೊಂಡಿದ್ದಾರೆ ಅನ್ನುವ ಲೆಕ್ಕಕ್ಕೆ ಅದು ಬೇಕು. ಸುಮ್ನೆ ನೋಡುವವರೂ ಅದರಲ್ಲಿ ಬರೆಯಬೇಕಾಗುತ್ತದೆ. ಆದ್ದರಿಂದ ಫೋಲ್ಡರಿನಲ್ಲಿ ಓದುವುದು, ಬರೆಯುವುದು, ಹೊಸ ಫೈಲ್ ಮಾಡುವುದು, ಅಳಿಸುವುದು ಎಲ್ಲ ಎಲ್ಲರಿಗೂ ಇರಲಿ. ಅಳಿಸುವುದು ಯಾಕೆ ಅಂದರೆ, ಕೊನೆಗೆ ಹೊರಗೆ ಹೋಗುವವರು ಆ ಲಾಕ್ ಫೈಲನ್ನು ತೆಗೆಯಬೇಕು.

ನೋಡಲು ಮಾತ್ರ ಅನ್ನುವುದನ್ನು ಆಕ್ಸೆಸ್ ಒಳಗಿನ "ನೋಟ" ಗುಂಪಿನಲ್ಲೇ ಮಾಡಿ, ವಿಂಡೋಸ್‌ನಲ್ಲಿ ಬೇಡ.

ಆನೆಪಕ್ಷ

ಎಲ್ಲ ಓದಿದೆ. ಒಂದು ಮಾತು ಹೇಳಲೇಬೇಕು. ಈ .ಎಂಡಿಡಬ್ಲ್ಯೂ ಭದ್ರತೆ ಕೈತಪ್ಪಿ ಆಗುವುದನ್ನು ತಡೆಯುತ್ತದೆ, ಕಳ್ಳನನ್ನಲ್ಲ. ಪಾಸ್‌ವರ್ಡ್ ಬಿಚ್ಚುವ ಪ್ರೋಗ್ರಾಮ್‌ಗಳು ಯಾವ ಕಾಲದಿಂದಲೋ ಇವೆ. ಮೇಲೆ ಫೋಲ್ಡರಿನಲ್ಲಿ ಎಲ್ಲರಿಗೂ ಬರೆಯುವ, ಅಳಿಸುವ ಅನುಮತಿ ಬೇಕು ಅಂದಿರಿ. ಹಾಗಾದರೆ ಇಡೀ .ಎಂಡಿಬಿಯನ್ನೇ ಪೆನ್‌ಡ್ರೈವ್‌ಗೆ ಹಾಕಿಕೊಂಡು ಹೋಗಬಹುದು, ಇಲ್ಲವೇ ಫೈಲನ್ನೇ ಡಿಲೀಟ್ ಮಾಡಬಹುದು. ಆಫೀಸ್ 2003ಕ್ಕೆ ಮೈಕ್ರೋಸಾಫ್ಟ್ ಬೆಂಬಲ ನಿಂತಿದ್ದು 2014ರ ಏಪ್ರಿಲ್‌ನಲ್ಲಿ.

ಟೇಬಲ್‌ಗಳನ್ನು ಮಾತ್ರ ಪೋಸ್ಟ್‌ಗ್ರೆಸ್ ಅನ್ನುವ ಡೇಟಾಬೇಸ್ ಸರ್ವರ್‌ಗೆ ಹಾಕಿ. ದುಡ್ಡು ಕೊಡಬೇಕಿಲ್ಲ. ಫಾರ್ಮ್‌ಗಳು ಆಕ್ಸೆಸ್‌ನಲ್ಲೇ ಇರಲಿ, ಓಡಿಬಿಸಿ ಲಿಂಕ್ (ಬೇರೆ ಡೇಟಾಬೇಸ್‌ಗೆ ಕೊಡುವ ಸಂಪರ್ಕ) ಕೊಟ್ಟರಾಯಿತು. ಕಾಲಂ ಲೆಕ್ಕದಲ್ಲೂ ಅನುಮತಿ ಕೊಡಬಹುದು, ದರದ ಕಾಲಂ ಬಿಟ್ಟು ಉಳಿದದ್ದು ರೈಟರ್‌ಗೆ ಅಂತ ಒಂದೇ ಸಾಲು. ಮೈಕ್ರೋಸಾಫ್ಟ್‌ನ ಎಸ್‌ಕ್ಯೂಎಲ್ ಸರ್ವರ್ ಎಕ್ಸ್‌ಪ್ರೆಸ್ ಕೂಡ ಉಚಿತ, ಅದರಲ್ಲಿ "ಡಿನೈ" ಅಂತ ಇದೆ. ಬೇರೆ ಗುಂಪಿನಿಂದ ಅನುಮತಿ ಬಂದರೂ ಡಿನೈ ಗೆಲ್ಲುತ್ತದೆ. ಮೇಡಂ ಮೊದಲು ಅಂದುಕೊಂಡ ಹಾಗೆ ನಡೆಯುವುದು ಅದರಲ್ಲಿ.

ತೋಟದಲೆಕ್ಕ, ಸುಂಟಿಕೊಪ್ಪ

ಪೋಸ್ಟ್‌ಗ್ರೆಸ್‌ನ ಗುರುತು ಆನೆ ಅಂತ ನೋಡಿದೆ. ಕಣದ ತನಕ ಬರುವ ಆನೆಗಳೇ ನಮಗೆ ಸಾಕಾಗಿದೆ, ಕಂಪ್ಯೂಟರಿಗೂ ಬೇಡ. ತಮಾಷೆಗೆ ಹೇಳಿದ್ದು. ಕೊಯ್ಲು ಮುಗಿಯುವ ತನಕ ದೊಡ್ಡ ಬದಲಾವಣೆ ಮಾಡುವ ಧೈರ್ಯ ನನಗಿಲ್ಲ. ಮಳೆಗಾಲದಲ್ಲಿ ನೋಡುತ್ತೇನೆ. ನನಗೆ ಈಗ ಬೇಕಿರುವುದು ಕೈತಪ್ಪು ತಡೆಯುವುದೇ. ನಮ್ಮ ರೈಟರ್‌ಗಳ ಮೇಲೆ ಅನುಮಾನ ಇಲ್ಲ.

ಜೆಟ್‌ಹಳಬ, ಕುಶಾಲನಗರ

ಆನೆಪಕ್ಷದವರು ಹೇಳಿದ್ದು ಸುಳ್ಳಲ್ಲ. ಆದರೆ ಪೋಸ್ಟ್‌ಗ್ರೆಸ್‌ನಲ್ಲೂ "ಪಬ್ಲಿಕ್" ಅಂತ ಎಲ್ಲರೂ ಸೇರಿರುವ ಗುಂಪು ಇದೆ. ಹೊಸ ಟೇಬಲ್‌ಗಳು ತಾವಾಗಿ ಅದರ ಕೈಗೆ ಹೋಗುವುದಿಲ್ಲ, ಅಷ್ಟು ವಾಸಿ. ಆದರೂ 2022ರ 15ನೇ ಆವೃತ್ತಿ ಬರುವ ತನಕ ಒಳಗೆ ಬಂದ ಯಾರು ಬೇಕಾದರೂ ಪಬ್ಲಿಕ್ ಸ್ಕೀಮಾದಲ್ಲಿ (ಟೇಬಲ್‌ಗಳನ್ನು ಇಡುವ ವಿಭಾಗ) ಟೇಬಲ್ ಮಾಡಬಹುದಿತ್ತು. ಎಲ್ಲಿಗೆ ಹೋದರೂ ಈ "ಎಲ್ಲರ ಗುಂಪು" ಮೊದಲು ನೋಡಿ.

ದರದ ಕಾಲಂಗೆ ಬರೋಣ. ಜೆಟ್‌ನಲ್ಲಿ ಕಾಲಂ ಮಟ್ಟದ ಅನುಮತಿ ಇಲ್ಲ, ನಿಜ. ಕ್ವೆರಿಯಿಂದ ಮಾಡಬೇಕು. ಮಾರಾಟದ ಟೇಬಲ್ ಮೇಲೆ ಒಂದು ಕ್ವೆರಿ ಮಾಡಿ, ಲಾಟ್ ನಂಬರ್, ತಾರೀಕು, ಮೂಟೆ ಮಾತ್ರ ತೆಗೆದುಕೊಳ್ಳಿ. ಡಿಸೈನ್‌ನಲ್ಲಿ ಖಾಲಿ ಜಾಗದ ಮೇಲೆ ರೈಟ್ ಕ್ಲಿಕ್ ಮಾಡಿ ಪ್ರಾಪರ್ಟೀಸ್ ತೆರೆದರೆ "ರನ್ ಪರ್ಮಿಷನ್ಸ್" ಅಂತ ಇದೆ. ಅದನ್ನು "ಓನರ್ಸ್" ಮಾಡಿ. ಆಗ ಕ್ವೆರಿ ಯಾರು ಓಡಿಸಿದರೂ ನಿಮ್ಮ ಅಧಿಕಾರದಲ್ಲಿ ಓಡುತ್ತದೆ, ಯಾಕಂದರೆ ಅದರ ಓನರ್ ನೀವು. ರೈಟರ್ಸ್ ಗುಂಪಿಗೆ ಟೇಬಲ್ ಮೇಲೆ ಏನೂ ಕೊಡಬೇಡಿ, ಈ ಕ್ವೆರಿ ಮೇಲೆ "ರೀಡ್ ಡೇಟಾ" ಕೊಡಿ. ಎರಡೂ ಫೈಲಿನ ಡೇಟಾಬೇಸ್‌ಗೆ "ಓಪನ್/ರನ್" ಇರಲಿ. ಫಾರ್ಮ್‌ನ ರೆಕಾರ್ಡ್ ಸೋರ್ಸ್ (ಫಾರ್ಮ್ ಡೇಟಾ ತೆಗೆದುಕೊಳ್ಳುವ ಮೂಲ) ಟೇಬಲ್ ಬದಲು ಈ ಕ್ವೆರಿ ಮಾಡಿ.

"ಅವತ್ತಿನದನ್ನು ಮಾತ್ರ ತಿದ್ದಬಹುದು" ಅಂದಿರಲ್ಲ, ಅದಕ್ಕೂ ಇದೇ ದಾರಿ. ತೂಕದ ಟೇಬಲ್‌ಗೆ ಇಂಥದ್ದೇ ಇನ್ನೊಂದು ಕ್ವೆರಿ, ತಾರೀಕಿನ ಕೆಳಗೆ ಕ್ರೈಟೀರಿಯಾದಲ್ಲಿ ಡೇಟ್ ಫಂಕ್ಷನ್ ಹಾಕಿ. ನಿನ್ನೆಯ ಸಾಲು ರೈಟರ್‌ಗೆ ಬರುವುದೇ ಇಲ್ಲ, ಬಾರದಿದ್ದನ್ನು ತಿದ್ದುವುದು ಹೇಗೆ? ಕ್ವೆರಿ ಮೇಲೆ ಓದುವುದು, ಸೇರಿಸುವುದು, ತಿದ್ದುವುದು ಕೊಡಿ. ಡಿಲೀಟ್ ಬೇಡ. ಇಲ್ಲಿ ಎರಡು ಎಚ್ಚರ. ಹೊಸ ಸಾಲು ಸೇರಿಸುವಾಗ ಬೇರೆ ತಾರೀಕು ಹಾಕಿದರೆ ಜೆಟ್ ತಡೆಯುವುದಿಲ್ಲ. ಹಾಗಾಗಿ ಫಾರ್ಮ್‌ನಲ್ಲಿ ತಾರೀಕಿನ ಡಿಫಾಲ್ಟ್ ಇವತ್ತಿನದು ಮಾಡಿ ಆ ಬಾಕ್ಸ್ ಲಾಕ್ ಮಾಡಿ. ಮತ್ತೆ ಕಣದ ಕಂಪ್ಯೂಟರಿನ ಗಡಿಯಾರ ನಡೆಸುವ ಸಿಮೋಸ್ ಬ್ಯಾಟರಿ ನೋಡಿಸಿ. ಕರೆಂಟ್ ಹೋಗಿ ಬಂದಾಗ ತಾರೀಕು ಹಿಂದಕ್ಕೆ ಹೋಗಿದ್ದರೆ ಹಾಕಿದ ತೂಕವೆಲ್ಲ ತಪ್ಪು ದಿನಕ್ಕೆ ಬೀಳುತ್ತದೆ.

ನನ್ನ ಕೇಳಿದರೆ ಡಿಲೀಟ್ ಯಾರಿಗೂ ಬೇಡ, ಮ್ಯಾನೇಜರಿಗೂ ಬೇಡ. ಟೇಬಲ್‌ನಲ್ಲಿ "ರದ್ದು" ಅಂತ ಯೆಸ್/ನೋ ಕಾಲಂ ಸೇರಿಸಿ. ಬಟವಾಡೆಯ ಕ್ವೆರಿ ರದ್ದಾದ್ದನ್ನು ಬಿಟ್ಟು ಕೂಡಲಿ. ಯಾರೋ ಬಂದು "ನನ್ನ ತೂಕ ಎಲ್ಲಿ" ಅಂತ ಕೇಳಿದರೆ ತೋರಿಸಲು ಸಾಲು ಅಲ್ಲೇ ಇರುತ್ತದೆ.

ತೋಟದಲೆಕ್ಕ, ಸುಂಟಿಕೊಪ್ಪ

ಎರಡು ಕ್ವೆರಿಯೂ ಕೆಲಸ ಮಾಡಿತು ಸರ್. ರದ್ದು ಕಾಲಂ ಕೂಡ ಹಾಕಿದೆ. ಸಾಹುಕಾರರ ಕಂಪ್ಯೂಟರೂ ಸರಿಹೋಯಿತು, ಪೇಟೆಸಿಸ್ಟಮ್ ಅವರಿಗೆ ಥ್ಯಾಂಕ್ಸ್.

ಕೊನೆಗೊಂದು. ಕೊಯ್ಲಿನ ಟೈಮಲ್ಲಿ ಇನ್ನೊಬ್ಬ ರೈಟರ್ ತಾತ್ಕಾಲಿಕವಾಗಿ ಬರುತ್ತಾರೆ, ಮಾರ್ಚ್‌ಗೆ ಹೋಗುತ್ತಾರೆ. ಅವರಿಗೆ ಈಗಿನವರ ಪಾಸ್‌ವರ್ಡೇ ಕೊಡಬಹುದಾ? ಮ್ಯಾನೇಜರ್ ಹಾಗೇ ಮಾಡಿ ಅನ್ನುತ್ತಿದ್ದಾರೆ.

ಜೆಟ್‌ಹಳಬ, ಕುಶಾಲನಗರ

ಬೇಡ. ಹೊಸ ಯೂಸರ್ ಮಾಡಿ ರೈಟರ್ಸ್ ಗುಂಪಿಗೆ ಸೇರಿಸಿ, ಒಂದೇ ನಿಮಿಷದ ಕೆಲಸ. ಅನುಮತಿಯೆಲ್ಲ ಗುಂಪಿಗೆ ಕೊಟ್ಟಿದ್ದೀರಿ, ಯೂಸರ್‌ಗೆ ಏನೂ ಕೊಡಬೇಕಿಲ್ಲ. ಮಾರ್ಚ್‌ನಲ್ಲಿ ಹೆಸರು ತೆಗೆದುಬಿಡಿ. ತೂಕದ ಟೇಬಲ್‌ನಲ್ಲಿ "ಹಾಕಿದವರು" ಅಂತ ಕಾಲಂ ಮಾಡಿ, ಫಾರ್ಮ್‌ನಲ್ಲಿ ಅದರ ಡಿಫಾಲ್ಟ್ ಕರೆಂಟ್‌ಯೂಸರ್ ಫಂಕ್ಷನ್ ಇಡಿ. ಲಾಗಿನ್ ಆದವರ ಹೆಸರು ತಾನಾಗಿ ಬೀಳುತ್ತದೆ. ಒಂದೇ ಪಾಸ್‌ವರ್ಡ್ ಇಬ್ಬರು ಬಳಸಿದರೆ ಆ ಕಾಲಂ ಇದ್ದೂ ದಂಡ. ಪಾಸ್‌ವರ್ಡ್ ಮರೆತು ಬಂದರೆ ಹೊಸ ಯೂಸರ್ ಮಾಡಬೇಕಿಲ್ಲ. ಅಡ್ಮಿನ್ಸ್‌ನಲ್ಲಿ ಇರುವ ನೀವು "ಕ್ಲಿಯರ್ ಪಾಸ್‌ವರ್ಡ್" ಒತ್ತಿ, ಅವರ ಕೈಯಲ್ಲೇ ಹೊಸದು ಇಡಿಸಿ.